ಷರಾ: ಏನೂ ಇಲ್ಲ

ಯಾರಾದರೂ "ಇಂಥ ತಾರೀಕು ಬನ್ನಿ" ಅಂದರೆ ಸಾಕು, ಈಗಲೂ ನನ್ನ ಕಣ್ಣು ಗೋಡೆಯ ಮೇಲಿನ ಕ್ಯಾಲೆಂಡರ್ ಹುಡುಕುತ್ತದೆ. ಅದು ಯಾವ ವಾರ, ಅವತ್ತು ರಜೆಯೇ, ಹಿಂದಿನ ದಿನ ಏನು, ಮುಂದಿನ ದಿನ ಏನು, ಎಲ್ಲ ನೋಡಿಯೇ ತೀರಬೇಕು. ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಅಲ್ಲಿನ ಹುಡುಗಿ ಕೊಟ್ಟ ಚೀಟಿಯನ್ನು ಮೂರು ಸಲ ತಿರುಗಿಸಿ ನೋಡಿ, "ಅವತ್ತು ಎರಡನೇ ಶನಿವಾರ ಕಣಮ್ಮ, ಬಾಗಿಲು ತೆಗೆದಿರ್ತೀರಾ?" ಎಂದೆ. "ನಾವು ಭಾನುವಾರಾನೂ ತೆಗೆದಿರ್ತೀವಿ ಆಂಟಿ" ಎಂದಳು. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ನಕ್ಕರು. ಅವರಿಗೇನು, ಮೇಷ್ಟ್ರಾಗಿದ್ದವರು, ಗಂಟೆ ಹೊಡೆದರೆ ಒಳಗೆ, ಗಂಟೆ ಹೊಡೆದರೆ ಹೊರಗೆ. ಇನ್ನೊಬ್ಬರಿಗೆ ತಾರೀಕು ಕೊಡುವ ಕೆಲಸ ಮಾಡಿದವರಿಗೆ ಮಾತ್ರ ಈ ಚಡಪಡಿಕೆ ಗೊತ್ತು.

ನನ್ನ ಅಕ್ಕನ ಮೊಮ್ಮಗಳಿಗೆ ಈಚೆಗೆ ಸರ್ಕಾರಿ ಕೆಲಸವಾಯಿತು. ಆಶೀರ್ವಾದಕ್ಕೆಂದು ಬಂದವಳು, "ಜಯಜ್ಜಿ, ಆಫೀಸಲ್ಲಿ ಯಾವುದನ್ನ ಹುಷಾರಾಗಿ ನೋಡ್ಕೋಬೇಕು?" ಎಂದು ಕೇಳಿದಳು. ಮೇಲಿನವರನ್ನು ನೋಡಿಕೋ ಎಂದು ನಮ್ಮ ಯಜಮಾನರು ಹೇಳಿದರು. ಆ ಪ್ರಶ್ನೆಗೆ ನನ್ನ ಉತ್ತರ ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಅವಳಿಗೂ ಅವಳ ಜೊತೆ ಸೇರಿದವರಿಗೂ ಇರಲಿ ಎಂದು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಹಾಸನದ ಒಂದು ಸರ್ಕಾರಿ ಕಚೇರಿಯಲ್ಲಿ. ಹೆಸರು ಬರೆಯುವುದಿಲ್ಲ. ಹೇಳಹೊರಟಿರುವುದು ನಮ್ಮ ತಪ್ಪುಗಳನ್ನು, ಕಟ್ಟಡಕ್ಕೆ ಯಾಕೆ ಕೆಟ್ಟ ಹೆಸರು. ಬೆರಳಚ್ಚು ಮಾಡಲು ಸೇರಿದವಳು ಕೊನೆಗೆ ಹೊರದೇಶದವರ ಕಡತಗಳ ಗುಮಾಸ್ತೆಯಾದೆ. ಒಂದು ಮೇಜು, ಎರಡು ಬೀರು, ಕೈಕೊಟ್ಟಾಗಲೆಲ್ಲ ಗುದ್ದಿ ಸರಿಮಾಡಬೇಕಾದ ಒಂದು ಟೈಪ್‌ರೈಟರು. ವಿಭಾಗ ಎಂದರೆ ಇಷ್ಟೇ. ಕಾಲೇಜಿಗೆ ಓದಲು ಬಂದ ಹೊರದೇಶದ ಹುಡುಗರು, ಶ್ರವಣಬೆಳಗೊಳದಲ್ಲಿ ತಿಂಗಳುಗಟ್ಟಲೆ ಉಳಿದು ಶಾಸನ ಓದುವವರು, ಅಪರೂಪಕ್ಕೆ ನಮ್ಮ ಕಡೆಯವರನ್ನು ಮದುವೆಯಾಗಿ ಇಲ್ಲೇ ನೆಲೆಸಲು ಪರವಾನಗಿ ಕೇಳುವವರು, ಇವರೇ ನಮ್ಮ ಅರ್ಜಿದಾರರು. ಇವರಿಗಿಂತ ಹೆಚ್ಚಾಗಿ ಬರುತ್ತಿದ್ದವರು ದುಬೈಗೆ ವೀಸಾ ಕೊಡಿ ಎಂದು ತಪ್ಪಿ ಬಂದವರು.

ನನ್ನ ಮೊದಲ ದೊಡ್ಡ ಎಡವಟ್ಟು ತೊಂಬತ್ತರ ದಶಕದ ಆರಂಭದ್ದು. ಬೆಳಗೊಳದಲ್ಲಿದ್ದ ಒಬ್ಬ ವಯಸ್ಸಾದ ಬಿಳಿಯ ಹೆಂಗಸಿಗೆ ಹಾಜರಾಗಲು ತಾರೀಕು ಬರೆದು ಕಳಿಸಿದ್ದೆ. ಅದು ಗೌರಿ ಹಬ್ಬದ ದಿನ ಎಂದು ನೋಡಿರಲಿಲ್ಲ. ನಾನು ಮನೆಯಲ್ಲಿ ಬಾಗಿನ ಜೋಡಿಸುತ್ತಿದ್ದಾಗ ಆಕೆ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಬಂದು, ಬೀಗ ಹಾಕಿದ ಕಚೇರಿಯ ಮೆಟ್ಟಿಲ ಮೇಲೆ ಸಂಜೆಯವರೆಗೆ ಕೂತಿದ್ದರು. ರಜೆ ಮುಗಿಸಿ ಬಂದಾಗ ಬಾಗಿಲ ಸಂದಿಯಲ್ಲಿ ಒಂದು ಚೀಟಿ ಸಿಕ್ಕಿಸಿತ್ತು. "ನಾನು ಬಂದಿದ್ದೆ" ಎಂದಷ್ಟೇ ಬರೆದಿದ್ದರು. ಬೈದು ಬರೆದಿದ್ದರೆ ಎಷ್ಟೋ ವಾಸಿಯಿತ್ತು.

ನಮ್ಮ ಹೆಡ್ ಕ್ಲರ್ಕ್ ಶಿವಣ್ಣನವರು ಬೂವನಹಳ್ಳಿ ಕಡೆಯವರು, ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಕಡತ ನೋಡುವವರು. ಆ ಚೀಟಿ ಓದಿ, "ಅಲ್ಲ ಕಣ್ರೀ ಜಯಲಕ್ಷ್ಮಿ, ಗೌರಮ್ಮನೇ ತವರಿಗೆ ಬಂದು ಕೂತಿರೋ ದಿನ ಇವ್ರನ್ನ ಆಫೀಸಿಗೆ ಕರ್ದಿದೀರಲ್ಲ" ಎಂದರು. ಮಾರನೆಯ ದಿನ ತಮ್ಮ ಮನೆಯಿಂದಲೇ ದಪ್ಪಂಕಿಗಳ ಒಂದು ಕ್ಯಾಲೆಂಡರ್ ತಂದು ನನ್ನ ಮೇಜಿನ ಎದುರಿಗೆ ಮೊಳೆ ಹೊಡೆದರು. ಹಬ್ಬ, ಅಮಾವಾಸ್ಯೆ, ರಾಹುಕಾಲ ಎಲ್ಲ ಇರುವ ಕ್ಯಾಲೆಂಡರ್. ಅಂದಿನಿಂದ ಅದನ್ನು ನೋಡದೆ ನಾನು ಯಾರಿಗೂ ತಾರೀಕು ಕೊಟ್ಟವಳಲ್ಲ. ನೋಡಿದರೆ ಸಾಕು ಎಂದುಕೊಂಡಿದ್ದೆ.

ಎರಡನೆಯ ಪಾಠ ಅರಕಲಗೂಡಿನಿಂದ ಬಂತು. ಅಲ್ಲಿನ ಹಳ್ಳಿಯೊಂದರ ಅರ್ಜಿದಾರರಿಗೆ ನಾನು ಸರಿಯಾದ ತಾರೀಕನ್ನೇ ಕೊಟ್ಟರೂ ಕಾಗದ ಮುಟ್ಟುವ ಹೊತ್ತಿಗೆ ಆ ತಾರೀಕು ಕಳೆದಿರುತ್ತಿತ್ತು. ಎರಡು ಸಲ ಹೀಗಾದಮೇಲೆ ಬಸ್ ನಿಲ್ದಾಣಕ್ಕೇ ಹೋಗಿ ಅರಕಲಗೂಡು ಬಸ್ಸಿನ ಕಂಡಕ್ಟರ ಕೈಗೆ ಲಕೋಟೆ ಕೊಟ್ಟೆ. ನಿಯಮದ ಪ್ರಕಾರ ಅದು ತಪ್ಪು. ಆದರೆ ಸಂಜೆಯೊಳಗೆ ಕಾಗದ ಊರು ಸೇರಿತ್ತು. ಶಿವಣ್ಣನವರು ನೋಡಿಯೂ ನೋಡದಂತೆ ಇದ್ದರು. ಒಳ್ಳೆಯ ಹೆಡ್ ಕ್ಲರ್ಕ್ ಯಾವುದನ್ನು ನೋಡಬಾರದು ಎಂಬುದನ್ನೂ ಬಲ್ಲವನಾಗಿರುತ್ತಾನೆ.

ಆಮೇಲೆ ಹೊಸ ಸಾಹೇಬರು ಬಂದರು. ಉತ್ತರದ ಕಡೆಯವರು, ಚಿಕ್ಕ ವಯಸ್ಸು, ಮಾತಿನ ನಡುವೆ ಕೈಗಡಿಯಾರ ತಟ್ಟುವ ಅಭ್ಯಾಸ. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಅವರು ಬರುವ ಮುಂಚೆ ಅರ್ಜಿದಾರರು ಯಾವಾಗಲೋ ಬಂದು, ಕೂತು, ಕಾಫಿ ಕುಡಿದು, ಕೆಲಸವಾದರೆ ಆಯಿತು, ಇಲ್ಲವಾದರೆ ನಾಳೆ ಎಂದು ಹೋಗುತ್ತಿದ್ದರು. ಇವರು ಅದನ್ನೆಲ್ಲ ನಿಲ್ಲಿಸಿದರು. ಪ್ರತಿಯೊಬ್ಬರಿಗೂ ದಿನ, ಗಂಟೆ. ಪ್ರತಿ ಮನೆ ವಿಚಾರಣೆಗೂ ದಿನ, ಗಂಟೆ. ಬಾಕಿ ಕಡತ ಇರಕೂಡದು. ಪದ್ಧತಿ ಒಳ್ಳೆಯದೇ. ಆದರೆ ನನ್ನಂಥವಳಿಗೆ ಅದು ಬೆನ್ನ ಹಿಂದೆ ಯಾರೋ ನಿಂತಂತೆ ಆಗುತ್ತಿತ್ತು. ಖಾಲಿ ಇರುವ ದಿನ ಕಂಡರೆ ಸಾಕು, ಅಲ್ಲಿ ಯಾರನ್ನಾದರೂ ಬರೆದು ತುಂಬಿಸುತ್ತಿದ್ದೆ.

ಆ ಹೊತ್ತಿನಲ್ಲೇ ಕುಸುಮಾಳ ಅರ್ಜಿ ಬಂದದ್ದು.

ಕುಸುಮಾ ಶ್ರೀಲಂಕಾದವಳು. ಹೊಳೆನರಸೀಪುರದ ಪಕ್ಕದ ಹಳ್ಳಿಯ ಮಂಜುನಾಥ ಕುವೈತಿನಲ್ಲಿ ಒಂದು ಮನೆಗೆ ಡ್ರೈವರಾಗಿದ್ದ. ಅದೇ ಮನೆಯಲ್ಲಿ ಇವಳು ಅಡುಗೆಗಿದ್ದಳು. ಇಬ್ಬರೂ ಅಲ್ಲಿಯ ಕೆಲಸ ಬಿಟ್ಟು ಬಂದು ಹಾಸನದಲ್ಲಿ ರಿಜಿಸ್ಟರ್ ಮದುವೆಯಾದರು. ಮೊದಲ ದಿನ ಅವರು ನನ್ನ ಮೇಜಿನ ಮುಂದೆ ನಿಂತಾಗ, ಇಂಗ್ಲಿಷಿನಲ್ಲಿ ಮಾತಾಡಬೇಕಾದೀತು ಎಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅವಳೇ, "ಅಕ್ಕಾ, ಈ ಕಾಗ್ದಕ್ಕೆ ಎಷ್ಟು ಫೋಟ ಅಂಟಿಸ್ಬೇಕು?" ಎಂದಳು. ಗಂಡನಿಂದ, ಅತ್ತೆಯಿಂದ ಕಲಿತ ಕನ್ನಡ, ನಮ್ಮ ಹೊಳೆನರಸೀಪುರದ ಕಡೆಯದ್ದೇ. ಕೇಳಿ ಶಿವಣ್ಣನವರು ಎಲೆ ಅಡಿಕೆ ಉಗುಳಿ ಬಂದು ಕೂತರು.

ಅವಳ ಅತ್ತೆ ಪುಟ್ಟಮ್ಮನವರೂ ಜೊತೆಯಲ್ಲಿ ಬಂದಿದ್ದರು. ರಿಜಿಸ್ಟರ್ ಮದುವೆ ಅವರ ಲೆಕ್ಕದಲ್ಲಿ ಮದುವೆಯೇ ಅಲ್ಲ. "ಕಾಗ್ದಕ್ಕೆ ರುಜು ಆಕ್ಬುಟ್ರೆ ಎಣ್ಣು ಮನೆ ತುಂಬ್ತಾಳಾ ಮೇಡಮ್ಮೋರೆ? ಧಾರೆ ಎರೀಬೇಕು ಕಣವ್ವ" ಎಂದರು. ಧಾರೆ ಎರೆಯಲು ಹೆಣ್ಣಿನ ತಂದೆತಾಯಿ ಬೇಕಲ್ಲ. ಪುಟ್ಟಮ್ಮ ಅರಕಲಗೂಡಿನಲ್ಲಿದ್ದ ತಮ್ಮ ಸ್ವಂತ ತಮ್ಮನನ್ನೂ ಅವನ ಹೆಂಡತಿಯನ್ನೂ ಕರೆಸಿ, ಕುಸುಮಾಳಿಗೆ ತಂದೆತಾಯಿಯಾಗಿ ಕೂರಿಸಿ, ಮನೆಯ ಮುಂದೆ ಚಪ್ಪರ ಹಾಕಿ ಧಾರೆ ಎರೆಸಿದ್ದರು. ಅಂದಿನಿಂದ ಅರಕಲಗೂಡಿನ ಆ ಮನೆ ಅವಳ ತವರು. ಇದನ್ನೆಲ್ಲ ಪುಟ್ಟಮ್ಮ ನನಗೆ ಕೈಯಾಡಿಸುತ್ತ ಹೇಳಿದರು. ನಾನು ಖುಷಿಯಿಂದ ಕೇಳಿದೆ. ಕಡತದಲ್ಲಿ ಒಂದಕ್ಷರ ಬರೆದುಕೊಳ್ಳಲಿಲ್ಲ.

ಅವಳಿಗೆ ಬಂದಾಗ ಸಿಕ್ಕಿದ್ದ ವೀಸಾ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಮದುವೆಯ ಆಧಾರದ ಮೇಲೆ ವಾಸದ ಪರವಾನಗಿ ಬರಬೇಕು. ಇಲ್ಲವಾದರೆ ದೇಶ ಬಿಡಬೇಕು. ಪರವಾನಗಿಗೆ ಮುಖ್ಯವಾಗಿ ಬೇಕಾದದ್ದು ಮನೆ ವಿಚಾರಣೆಯ ವರದಿ. ನಮ್ಮ ಕಡೆಯಿಂದ ಒಬ್ಬರು ಮನೆಗೆ ಹೋಗಿ, ಇವರು ನಿಜಕ್ಕೂ ಗಂಡ ಹೆಂಡತಿಯಾಗಿ ಒಟ್ಟಿಗೆ ಇದ್ದಾರೆಯೇ ಎಂದು ನೋಡಿ ಬರೆಯಬೇಕು.

ಡೈರಿ ತೆಗೆದೆ. ಜುಲೈನಲ್ಲಿ ಒಂದು ಗುರುವಾರ ಖಾಲಿ ಇತ್ತು. ಕ್ಯಾಲೆಂಡರ್ ನೋಡಿದೆ, ರಜೆ ಇಲ್ಲ, ಅಮಾವಾಸ್ಯೆ ಇಲ್ಲ. ಆ ಪುಟದ ನೆತ್ತಿಯ ಮೇಲೆ ‘ಆಷಾಢ’ ಎಂದು ಅಚ್ಚಾಗಿತ್ತು. ಅದೂ ಕಣ್ಣಿಗೆ ಬಿತ್ತು. ಬಿದ್ದರೂ ಏನೂ ಹೊಳೆಯಲಿಲ್ಲ. ತಾರೀಕು ಹಾಕಿ, ಎಲ್ಲರಿಗೂ ಕಳಿಸುವ ಅಚ್ಚಾದ ನೋಟಿಸನ್ನೇ ಕಳಿಸಿದೆ. ಅದರಲ್ಲಿ "ಮನೆಯ ಯಜಮಾನರು ಹಾಜರಿರತಕ್ಕದ್ದು" ಎಂದಿತ್ತು. ಮದುವೆಯ ಅರ್ಜಿಯಲ್ಲಿ ಹೆಂಡತಿಯೂ ಇರಬೇಕು ಎಂದು ಪೆನ್ನಿನಲ್ಲಿ ಸೇರಿಸಬೇಕಾಗಿತ್ತು. ಸೇರಿಸಲಿಲ್ಲ. ಎರಡು ತಪ್ಪೂ ನನ್ನವೇ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹೊಸದಾಗಿ ಮದುವೆಯಾದವರು ಆಷಾಢ ಮಾಸದಲ್ಲಿ ಒಟ್ಟಿಗಿರುವುದಿಲ್ಲ. ಸೊಸೆ ತವರಿಗೆ ಹೋಗುತ್ತಾಳೆ. ಆ ತಿಂಗಳು ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದು ಎನ್ನುತ್ತಾರೆ. ಪುಟ್ಟಮ್ಮ ಆಷಾಢ ಹುಟ್ಟುವ ಮುಂಚೆಯೇ ಕುಸುಮಾಳನ್ನು ಅರಕಲಗೂಡಿಗೆ ಕಳಿಸಿದ್ದರು.

ವಿಚಾರಣೆಗೆ ಹೋದವರು ನಮ್ಮ ಕಚೇರಿಯ ಬೋರಯ್ಯನವರು. ಅವರೂ ಹೊಳೆನರಸೀಪುರದ ಕಡೆಯವರೇ, ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಆಮೇಲೆ ಅವರೇ ನನಗೆ ಹೇಳಿದರು.

"ಸೊಸೆ ಎಲ್ಲವ್ವಾ ಅಂದೆ. ‘ಆಷಾಡ ಅಲ್ವಾ ಸಾ, ತವರಿಗೆ ಕಳ್ಸಿದೀವಿ’ ಅಂದ್ರು. ಸರಿ ಅಂದೆ. ಕಾಫಿ ಕೊಟ್ರು, ಕುಡ್ಕೊಂಡು ಬಂದೆ. ನಂಗೇನಾದ್ರೂ ಅನುಮಾನ ಬರೋಕೆ, ನನ್ನ ಸೊಸೇನೂ ಆವತ್ತು ತವರಲ್ಲೇ ಇದ್ಲು ಕಣಮ್ಮ!"

ಅವರು ತಂದುಕೊಟ್ಟ ನಮೂನೆಯಲ್ಲಿ ‘ದಂಪತಿ ಒಟ್ಟಿಗೆ ವಾಸವಾಗಿದ್ದಾರೆಯೇ’ ಎಂಬ ಕಾಲಂ ಇತ್ತು. ಅದರ ಮುಂದೆ, ಸುಳ್ಳು ಬರೆಯದ ಮನುಷ್ಯ, ‘ಇಲ್ಲ’ ಎಂದು ಬರೆದಿದ್ದರು. ಹೆಚ್ಚಿಗೆ ಹೇಳುವುದೇನಾದರೂ ಇದ್ದರೆ ಬರೆಯಲು ಕೊನೆಯಲ್ಲಿ ‘ಷರಾ’ ಎಂಬ ಕಾಲಂ ಇತ್ತು. ಅದನ್ನು ಖಾಲಿ ಬಿಟ್ಟಿದ್ದರು. ಅದನ್ನು ಇಂಗ್ಲಿಷಿಗೆ ಮಾಡಿ ಬೆಂಗಳೂರಿನ ಮೇಲಿನ ಕಚೇರಿಗೆ ಕಳಿಸುವ ಕೆಲಸ ನನ್ನದು. ‘ಇಲ್ಲ’ ಎಂಬುದನ್ನು ನೋಡಿ, ‘ಪಾಪ, ಮೊದಲ ಆಷಾಢ’ ಎಂದು ಮನಸ್ಸಿನಲ್ಲೇ ನಕ್ಕೆ. ನನ್ನ ಮೊದಲ ಆಷಾಢದಲ್ಲಿ ನಮ್ಮ ಯಜಮಾನರು ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಏನೋ ಕೆಲಸವಿದೆ ಎಂದು ಸುಳ್ಳು ಹೇಳಿಕೊಂಡು ಬಂದು ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡು ಹೋಗುತ್ತಿದ್ದದ್ದು ನೆನಪಾಯಿತು. ಹಾಗೆ ನಗುತ್ತಲೇ ‘ಇಲ್ಲ’ ಎಂದು ಟೈಪ್ ಮಾಡಿದೆ. ಖಾಲಿ ಜಾಗ ಬಿಡಬಾರದು ಎಂಬುದು ಬೆರಳಚ್ಚಿನವರಿಗೆ ಮೊದಲು ಕಲಿಸುವ ಪಾಠ. ಆದ್ದರಿಂದ ಷರಾ ಕಾಲಮ್ಮಿನಲ್ಲಿ ‘ಏನೂ ಇಲ್ಲ’ ಎಂದು ಹೊಡೆದೆ. ಕೆಳಗೆ ನನ್ನ ಚಿಕ್ಕ ರುಜು ಹಾಕಿದೆ.

ಹೀಗೆ ಅರ್ಜಿದಾರರು, ವಿಚಾರಣೆಯವರು, ಟೈಪಿಸ್ಟು, ಹೆಡ್ ಕ್ಲರ್ಕು ಎಲ್ಲರಿಗೂ ಕಾರಣ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು ಎಂಬ ಕಾರಣಕ್ಕೇ ಒಬ್ಬರೂ ಬರೆಯಲಿಲ್ಲ. ಸಾಹೇಬರಿಗೆ ಮಾತ್ರ ಗೊತ್ತಿರಲಿಲ್ಲ. ಅವರು ಕೈಗಡಿಯಾರ ನೋಡಿ ರುಜು ಹಾಕಿದರು.

ನವೆಂಬರಿನಲ್ಲಿ ಬೆಂಗಳೂರಿನಿಂದ ಉತ್ತರ ಬಂತು. ದಂಪತಿ ಒಟ್ಟಿಗೆ ವಾಸವಿಲ್ಲವೆಂದು ಜಿಲ್ಲೆಯಿಂದಲೇ ವರದಿಯಾಗಿರುವುದರಿಂದ ಮದುವೆ ಹೆಸರಿಗೆ ಮಾತ್ರ ಆದದ್ದೆಂದು ಕಾಣುತ್ತದೆ, ಅರ್ಜಿ ತಿರಸ್ಕರಿಸಿದೆ, ಆಕೆ ಹದಿನೈದು ದಿನದೊಳಗೆ ದೇಶ ಬಿಡತಕ್ಕದ್ದು. ಅರ್ಜಿದಾರರಿಗೂ ಇದನ್ನೇ ಕಳಿಸಿದ್ದರು. ನಮಗೆ ಜೊತೆಯಲ್ಲಿ ನಮ್ಮ ವರದಿಯ ಪ್ರತಿ. ಅದರ ಕೆಳಗೆ ನನ್ನ ರುಜು.

ಆ ಕಾಗದವನ್ನು ಫೈಲಿನಲ್ಲಿಟ್ಟೆ, ತೆಗೆದೆ, ಮತ್ತೆ ಇಟ್ಟೆ. ಕುರ್ಚಿಯಲ್ಲಿ ಕೂರಲಾಗಲಿಲ್ಲ. ವರಾಂಡದ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ನಡೆದೆನೋ, ಶಿವಣ್ಣನವರೇ ಹೊರಗೆ ಬಂದು, "ಏನಾಯ್ತ್ರೀ, ಹೊಟ್ಟೆನೋವಾ?" ಎಂದರು. ಕಾಗದ ಕೊಟ್ಟೆ. ಓದಿ ಅವರ ಬಾಯಿಯ ಅಡಿಕೆ ಅಲ್ಲೇ ನಿಂತಿತು.

"ನೋಡಿ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ" ಎಂದು ದನಿ ತಗ್ಗಿಸಿದರು. "ನೀವು ಟೈಪ್ ಮಾಡಿದ್ದು ಬೋರಯ್ಯ ಬರ್ದಿದ್ದನ್ನ. ಷರಾ ಬರೀದಿದ್ದೋನು ಅವನು. ಹಂಗಂತಲೇ ಒಂದು ಟಿಪ್ಪಣಿ ಇಡಿ."

"ಅವರಿಗೆ ಇನ್ನೊಂದು ವರ್ಷ ಸರ್ವೀಸ್ ಇರೋದು ಸಾರ್."

"ನಿಮಗಿನ್ನೂ ಹತ್ತು ಹನ್ನೆರಡು ವರ್ಷ ಇದೆಯಲ್ರೀ."

ಅವರ ಮೇಲೆ ಆ ಕ್ಷಣ ಸಿಟ್ಟು ಬಂತು. ಅವರು ಹೇಳಿದಂತೆ ಮಾಡಬೇಕು ಎಂದು ಒಳಗೊಳಗೇ ಅನಿಸಿತ್ತಲ್ಲ, ಅದಕ್ಕೆ ಇನ್ನೂ ಹೆಚ್ಚು ಸಿಟ್ಟು ಬಂತು. ಇನ್ನೊಂದು ಕ್ಷಣ ನಿಂತರೆ ಧೈರ್ಯ ಹೋಗುತ್ತದೆಂದು ನೇರ ಸಾಹೇಬರ ಕೋಣೆಗೆ ಹೋದೆ.

"ಇದನ್ನು ಯಾರು ಟೈಪ್ ಮಾಡಿದ್ದು?" ಎಂದರು.

"ನಾನೇ ಸರ್. ತಾರೀಕು ಕೊಟ್ಟವಳೂ ನಾನೇ. ಆಷಾಢ ಅಂತ ಗೊತ್ತಿದ್ದೂ ಬರೆಯಲಿಲ್ಲ."

ಆಷಾಢ ಎಂದರೇನು ಎಂದು ಅವರಿಗೆ ಬಿಡಿಸಿ ಹೇಳಲು ಹತ್ತು ನಿಮಿಷ ಬೇಕಾಯಿತು. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ಅವರು ಮಧ್ಯೆ ಒಮ್ಮೆಯೂ ಗಡಿಯಾರ ತಟ್ಟಲಿಲ್ಲ. ಕೇಳಿ ಮುಗಿಸಿ ಸರಿಯಾಗಿ ಮಂಗಳಾರತಿ ಮಾಡಿದರು. "ನಿಮಗೆ ಗೊತ್ತಿರುವುದು ನಿಮ್ಮ ತಲೆಯಲ್ಲಿದ್ದರೆ ನನಗೆ ಏನು ಉಪಯೋಗ? ಬೆಂಗಳೂರಿಗೆ ನಿಮ್ಮ ತಲೆ ಕಳಿಸಲೇ?" ಎಂದರು. ಸಂಜೆಯೊಳಗೆ ಎರಡು ಕಾಗದ ರುಜುವಾದವು. ಒಂದು, ವರದಿಯಲ್ಲಿ ಲೋಪವಾಗಿದೆ, ದಂಪತಿಯನ್ನು ಖುದ್ದು ಕರೆಸಿ ವಿಚಾರಿಸಬೇಕೆಂದು ಬೆಂಗಳೂರಿಗೆ. ಇನ್ನೊಂದು, ಕರ್ತವ್ಯಲೋಪಕ್ಕೆ ಕಾರಣ ಕೇಳಿ ನನಗೆ. ಎರಡನ್ನೂ ಟೈಪ್ ಮಾಡಿದವಳು ನಾನೇ.

ನನಗೆ ಬಂದ ಮೆಮೋಗೆ ಉತ್ತರ ಬರೆಯಬೇಕಲ್ಲ. ಹಿಂದೆ ಇಂಥ ಮೆಮೋ ಬಂದಿತ್ತೇ ಎಂದು ನೋಡಲು ಸಿಬ್ಬಂದಿ ಶಾಖೆಯಿಂದ ನನ್ನ ಸ್ವಂತ ಕಡತ ತರಿಸಿಕೊಂಡೆ. ಪುಟ ತಿರುಗಿಸುತ್ತಿದ್ದಾಗ ಹದಿನೈದು ವರ್ಷ ಹಳೆಯ ಒಂದು ರಜಾ ಅರ್ಜಿ ಕಂಡಿತು. ನನ್ನದೇ ಅಕ್ಷರ, ಎಳೆಯ ಗುಂಡಗಿನ ಅಕ್ಷರ. ಅದನ್ನು ಓದಿದೆ. ಎದ್ದು ನಿಂತು ಇನ್ನೊಮ್ಮೆ ಓದಿದೆ. ಆಮೇಲೆ ಯಾರಿಗೂ ಹೇಳದೆ ಆ ಕಡತವನ್ನೇ ನನ್ನ ಚೀಲಕ್ಕೆ ಹಾಕಿಕೊಂಡೆ.

ದಿನಗಳು ಹೋದವು, ಬೆಂಗಳೂರಿನಿಂದ ಸುದ್ದಿಯಿಲ್ಲ. ಗಡುವಿಗೆ ಮೂರು ದಿನ ಇದ್ದಾಗ ಫೋನ್ ಬಂತು. ನಾಳೆ ಹನ್ನೊಂದು ಗಂಟೆಗೆ ಗಂಡ ಹೆಂಡತಿ ಇಬ್ಬರೂ ಹಾಜರಾಗಬೇಕು, ಜಿಲ್ಲೆಯಿಂದ ಕಡತದ ಸಮೇತ ಒಬ್ಬರು ಬರಬೇಕು, ತಪ್ಪಿದರೆ ಇನ್ನೊಂದು ದಿನ ಕೊಡುವುದಿಲ್ಲ. ನಾಳೆ! ಆ ಹಳ್ಳಿಯಲ್ಲಿ ಫೋನಿಲ್ಲ. ಕಾಗದ ಕಳಿಸುವ ಮಾತೇ ಇಲ್ಲ. "ನಾನೇ ಹೋಗಿ ಕರೆದುಕೊಂಡು ಹೋಗುತ್ತೇನೆ ಸರ್" ಎಂದೆ. ಸಾಹೇಬರು ಗಡಿಯಾರ ನೋಡಿ, "ಇನ್ನೂ ಇಲ್ಲೇ ಏಕೆ ನಿಂತಿದ್ದೀರಿ?" ಎಂದರು.

ಹಾಸನದಿಂದ ಹೊಳೆನರಸೀಪುರದ ಬಸ್ಸಿನಲ್ಲಿ ಸೀಟು ಇದ್ದರೂ ಡ್ರೈವರ ಪಕ್ಕ ನಿಂತೇ ಹೋದೆ. ಅವನು ಎಮ್ಮೆ ಅಡ್ಡ ಬಂತೆಂದು ನಿಲ್ಲಿಸಿದಾಗೆಲ್ಲ ನನಗೆ ಇಳಿದು ಓಡೋಣ ಅನ್ನಿಸುತ್ತಿತ್ತು. ಹೊಳೆನರಸೀಪುರ ನಾನು ಹುಟ್ಟಿದ ಊರು, ದಾರಿಯಲ್ಲಿ ನಾಲ್ಕು ಜನ ಮಾತಾಡಿಸಿದರು. ಯಾರಿಗೆ ಏನು ಹೇಳಿದೆನೋ ನೆನಪಿಲ್ಲ. ಅಲ್ಲಿಂದ ಆಟೋ ಹಿಡಿದು ಹಳ್ಳಿ ಸೇರಿದರೆ ಪುಟ್ಟಮ್ಮ ಒಬ್ಬರೇ ಹೊಸ್ತಿಲ ಮೇಲೆ ಕೂತಿದ್ದರು.

"ಅರಕಲಗೂಡಿಗೆ ಓಗವ್ರೆ ಮೇಡಮ್ಮೋರೆ. ದೇಸ ಬುಟ್ಟು ಓಗೋ ಎಣ್ಣು, ತವರಿಗೆ ಓಗಿ ಏಳ್ಬುಟ್ಟು ಬತ್ತೀನಿ ಅಂದ್ಲು" ಎಂದವರು ಒಮ್ಮೆಗೇ ಅತ್ತುಬಿಟ್ಟರು. "ನಾನೇ ಕಣವ್ವ ಕಳ್ಸಿದ್ದು. ಈ ಬಾಗ್ಲಲ್ಲಿ ಅತ್ತೆ ಸೊಸೆ ಎದ್ರಾಬದ್ರ ಓಡಾಡಿದ್ರೆ ಮನೆಗಾಗಲ್ಲ ಅಂದೆ. ಈಗ ನೋಡು, ಬಾಗ್ಲೊಂದೇ ಉಳ್ಕಂತು."

ತಪ್ಪು ನಿಮ್ಮದಲ್ಲ, ನನ್ನದು ಎಂದೆ. ಅವರಿಗೆ ಅದು ಕೇಳಿಸಿತೋ ಇಲ್ಲವೋ. ಸಮಾಧಾನ ಮಾಡುತ್ತ ಕೂರಲು ಹೊತ್ತಿರಲಿಲ್ಲ. ಬಂದ ಆಟೋದಲ್ಲೇ ವಾಪಸ್ಸು, ಅರಕಲಗೂಡಿಗೆ ಇನ್ನೊಂದು ಬಸ್ಸು. ಅದೃಷ್ಟಕ್ಕೆ ನನ್ನ ಲಕೋಟೆಗಳನ್ನು ಒಯ್ಯುತ್ತಿದ್ದ ಕಂಡಕ್ಟರೇ ಸಿಕ್ಕಿದ. "ಏನ್ ಮೇಡಂ, ಇವತ್ತು ಕಾಗ್ದದ ಬದ್ಲು ನೀವೇ ಬಂದ್ಬುಟ್ರಿ?" ಎಂದ. ವಿಷಯ ಹೇಳಿದ್ದಕ್ಕೆ ನಿಲ್ದಾಣದವರೆಗೆ ಹೋಗದೆ ಆ ಮನೆಯ ತಿರುವಿನಲ್ಲೇ ಸೀಟಿ ಊದಿ ಇಳಿಸಿದ.

ಒಳಗೆ ಕಾಲಿಟ್ಟಾಗ ಕುಸುಮಾ ಮಣೆಯ ಮೇಲೆ ಕೂತು ಸೆರಗೊಡ್ಡಿದ್ದಳು. ಅರಕಲಗೂಡಿನ ತಾಯಿ ಅವಳ ಮಡಿಲಿಗೆ ಅಕ್ಕಿ ಸುರಿಯುತ್ತಿದ್ದರು. ಪಕ್ಕದಲ್ಲಿ ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ. ಮಗಳನ್ನು ಕಳಿಸಿಕೊಡುವಾಗ ಎಲ್ಲ ತವರಲ್ಲೂ ಮಾಡುವಂಥದ್ದೇ. ಮಂಜುನಾಥ ಗೋಡೆಗೆ ಒರಗಿ ಬೇರೆ ಕಡೆ ನೋಡುತ್ತಿದ್ದ. ನನ್ನನ್ನು ಕಂಡು ಕುಸುಮಾಳ ಮುಖ ಬಿಳುಚಿತು.

"ಅಕ್ಕಾ, ಇನ್ನೂ ಮೂರು ದಿನ ಅದೆ ಅಂದಿದ್ರಲ್ಲ" ಎಂದಳು.

ದೇಶದಿಂದ ಕಳಿಸಲೆಂದೇ ಬಂದಿದ್ದೇನೆ ಎಂದುಕೊಂಡಿದ್ದಳು. ನಾನು ಅಲ್ಲೇ ನೆಲದ ಮೇಲೆ ಕೂತು, ಬೆಂಗಳೂರಿಗೆ ಹೋಗಬೇಕು, ಇನ್ನೊಂದು ಸಲ ಕೇಳುತ್ತಾರಂತೆ ಎಂದೆ. ಅವಳು ಮಡಿಲಿನ ಅಕ್ಕಿ ತೆಗೆದಿಡಲು ಹೋದಳು. ಆ ತಾಯಿ ಬಿಡಲಿಲ್ಲ. "ತುಂಬಿದ ಮಡ್ಲು ಇಲ್ಲೇ ಬರಿದು ಮಾಡ್ತಾರೇನವ್ವ? ಇಂಗೇ ಓಗು. ತಿರ್ಗಿ ಬಂದು ನಿನ್ನ ಗಂಡನ ಮನೇಲಿ ಬಿಚ್ಚು" ಎಂದು ಸೆರಗನ್ನು ಗಂಟು ಹಾಕಿದರು.

ಹಾಗೆ ಆ ಗಂಟಿನ ಸಮೇತ ಬೆಂಗಳೂರಿಗೆ ಹೋದೆವು. ಬಾಗಿಲಲ್ಲಿ ಕಾವಲಿನವನು ಏನಿದು ಎಂದು ಬಿಚ್ಚಿಸಲು ನೋಡಿದ. ನಾನು ಜನ್ಮದಲ್ಲಿ ಯಾರ ಮೇಲೂ ಕೂಗದಷ್ಟು ಜೋರಾಗಿ ಅವನ ಮೇಲೆ ಕೂಗಿದೆ. ಪಾಪ, ಅವನು ತನ್ನ ಕೆಲಸ ಮಾಡುತ್ತಿದ್ದ.

ಒಳಗಿದ್ದ ಅಧಿಕಾರಿಗೆ ನಮ್ಮ ಭಾಷೆ ಅಷ್ಟಕ್ಕಷ್ಟೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಕೇಳಿದರು. ಜುಲೈನಲ್ಲಿ ನಿಮ್ಮ ಹೆಂಡತಿ ಮನೆಯಲ್ಲಿ ಏಕಿರಲಿಲ್ಲ? "ಆಷಾಡ ಸಾ" ಎಂದ ಮಂಜುನಾಥ. ನೀವು ಗಂಡನ ಮನೆಯಲ್ಲಿ ಏಕಿರಲಿಲ್ಲ? "ಆಷಾಡ ಸಾ" ಎಂದಳು ಕುಸುಮಾ. ಇಬ್ಬರದ್ದೂ ಒಂದೇ ಉತ್ತರವಾದದ್ದೇ ತಪ್ಪಾಯಿತು. ಹೇಳಿಕೊಟ್ಟು ಕರೆತಂದಿದ್ದೀರಿ ಎಂಬಂತೆ ನನ್ನ ಕಡೆ ನೋಡಿದರು. ನಾನು ಪದ್ಧತಿಯನ್ನು ವಿವರಿಸಿದೆ. "ಇರಬಹುದು. ಆದರೆ ನನಗೆ ಬೇಕಾದದ್ದು ದಾಖಲೆ. ಹೀಗೊಂದು ರೂಢಿ ಇದೆ ಎಂದು ಸರ್ಕಾರದ ಯಾವ ಕಾಗದದಲ್ಲಿದೆ?" ಎಂದರು.

ಚೀಲದಿಂದ ನನ್ನ ಸ್ವಂತ ಕಡತ ತೆಗೆದೆ. ಆ ರಜಾ ಅರ್ಜಿಯನ್ನು ಅವರ ಮುಂದಿಟ್ಟು ಸಾಲುಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದೆ. ‘ನನಗೆ ಈಚೆಗೆ ವಿವಾಹವಾಗಿದ್ದು, ಆಷಾಢ ಮಾಸದ ಪ್ರಯುಕ್ತ ತವರುಮನೆಯಲ್ಲಿರಬೇಕಾಗಿರುವುದರಿಂದ ಹದಿನೈದು ದಿನಗಳ ರಜೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.’ ಕೆಳಗೆ, ರಜೆಯ ಅವಧಿಯಲ್ಲಿನ ವಿಳಾಸ ಎಂಬ ಕಾಲಮ್ಮಿನಲ್ಲಿ ಹೊಳೆನರಸೀಪುರದ ನಮ್ಮ ತಂದೆಯ ಮನೆ. ಅದರ ಕೆಳಗೆ ಅಂದಿನ ಅಧಿಕಾರಿಯ ಹಸಿರು ಶಾಯಿ, ‘ಮಂಜೂರು’. ಪಕ್ಕದಲ್ಲಿ ಕಚೇರಿಯ ಮೊಹರು.

"ಇದು ಯಾರ ಅರ್ಜಿ?" ಎಂದರು.

"ನನ್ನದು ಸರ್. ಆ ತಿಂಗಳು ನಮ್ಮ ಮನೆಗೆ ಯಾರಾದರೂ ವಿಚಾರಣೆಗೆ ಬಂದಿದ್ದರೆ, ದಂಪತಿ ಒಟ್ಟಿಗೆ ವಾಸವಿಲ್ಲ ಅಂತಲೇ ಬರೆಯಬೇಕಾಗಿತ್ತು. ಸರ್ಕಾರ ರಜೆ ಕೊಟ್ಟು ಕಳಿಸಿತ್ತು. ಇವಳ ವರದಿಯ ಷರಾದಲ್ಲಿ ‘ಏನೂ ಇಲ್ಲ’ ಎಂದು ಟೈಪ್ ಮಾಡಿದವಳೂ ನಾನೇ. ಅಲ್ಲಿ ಬರೆಯಬೇಕಾಗಿದ್ದದ್ದು ಈ ಒಂದು ಸಾಲು."

ಅವರು ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಆಮೇಲೆ ಕುಸುಮಾಳ ಮಡಿಲಿನ ಗಂಟು ತೋರಿಸಿ ಅದೇನೆಂದು ಕೇಳಿದರು. ಅವಳೇ ಹೇಳಿದಳು, "ತವರೋರು ಕೊಟ್ಟಿದ್ದು ಸಾ. ಗಂಡನ ಮನೇಗೋಗಿ ಬಿಚ್ಬೇಕು." ಅದನ್ನು ನಾನು ಇಂಗ್ಲಿಷಿಗೆ ಮಾಡಿದೆ. ಅವರು ನನ್ನ ರಜಾ ಅರ್ಜಿಯ ಪ್ರತಿ ಇಟ್ಟುಕೊಂಡು, ದೇಶ ಬಿಡುವ ಆದೇಶವನ್ನು ಸದ್ಯಕ್ಕೆ ತಡೆದಿದೆ, ಮೇಲಿನಿಂದ ತೀರ್ಮಾನ ಬರುವವರೆಗೆ ಹೊಳೆನರಸೀಪುರದಲ್ಲೇ ಇರಬಹುದು ಎಂದು ಬರೆದುಕೊಟ್ಟರು.

ನನ್ನ ಮೆಮೋ ಹಾಗೇ ಹೋಗಲಿಲ್ಲ. ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಒಂದು ಸಾಲು ಬಿತ್ತು. ಇವತ್ತಿಗೂ ಇದೆ, ಇರಲಿ. ಸಾಹೇಬರು ವರ್ಗವಾಗಿ ಹೋಗುವ ಮುಂಚೆ ಒಂದು ಕೆಲಸ ಮಾಡಿದರು. ಮನೆ ವಿಚಾರಣೆಯ ನಮೂನೆಯಲ್ಲಿ ‘ಇಲ್ಲ’ ಎಂದು ಬರೆದ ಕಡೆ ಕಾರಣ ಬರೆಯದೆ ರುಜು ಹಾಕಕೂಡದು ಎಂದು ಆದೇಶ ಹೊರಡಿಸಿದರು. ಮುಂದೆ ಕಂಪ್ಯೂಟರ್ ಬಂತು, ಹೌದು ಇಲ್ಲ ಎರಡನ್ನೇ ಒತ್ತುವ ಕಾಲವೂ ಬಂತು. ಆಗಲೂ ನಾನು ಒಂದು ಬಿಳಿ ಹಾಳೆಯಲ್ಲಿ ಕಾರಣ ಬರೆದು ಲಗತ್ತಿಸುತ್ತಿದ್ದೆ. ಹೊಸ ಹುಡುಗರು ನಗುತ್ತಿದ್ದರು. ಅಕ್ಕನ ಮೊಮ್ಮಗಳೇ, ನಿನಗೆ ಹೇಳಬೇಕಾದದ್ದು ಇಷ್ಟೆ. ನಿನ್ನ ಊರಲ್ಲಿ ಎಲ್ಲರಿಗೂ ಗೊತ್ತಿರುವುದನ್ನೇ ಮೊದಲು ಬರೆ. ಕಡತ ಓದುವವನು ನಿನ್ನ ಊರಿನವನಾಗಿರುವುದಿಲ್ಲ.

ಕುಸುಮಾಳ ಪರವಾನಗಿ ಬಂದದ್ದು ಮರುವರ್ಷ. ಒಂದು ವರ್ಷಕ್ಕೆ ಕೊಟ್ಟು, ವರ್ಷವರ್ಷವೂ ಮುಂದುವರಿಸಬಹುದು ಎಂದಿದ್ದರು. ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ, ಕಂಡಕ್ಟರ ಕೈಗೂ ಕೊಡಲಿಲ್ಲ. ನಾನೇ ತೆಗೆದುಕೊಂಡು ಹೋದೆ. ಬಸ್ಸು ಹತ್ತಿದ ಮೇಲೆ ನೆನಪಾಯಿತು. ಮತ್ತೆ ಆಷಾಢ! ಮಗುವಾಗುವವರೆಗೂ ಆಷಾಢ ಬಿಡುವುದಿಲ್ಲ ಎಂಬುದು ಅವರ ಮನೆಯ ಪದ್ಧತಿ ಎಂದು ಪುಟ್ಟಮ್ಮ ಹೇಳಿದ್ದರು. ಅರಕಲಗೂಡಿಗೇ ಹೋಗಬೇಕಿತ್ತೇನೋ ಎಂದುಕೊಳ್ಳುತ್ತ ಹಳ್ಳಿಯಲ್ಲಿ ಇಳಿದೆ.

ಕುಸುಮಾ ಮುಂಬಾಗಿಲ ಜಗಲಿಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಕಾಗದ ಕೈಗೆ ಕೊಟ್ಟೆ. ಓದಲು ಬಾರದಿದ್ದರೂ ಮೊಹರು ನೋಡಿ ತಿಳಿದುಕೊಂಡಳು. "ಅತ್ತೇ, ಅಕ್ಕ ಬಂದವ್ರೆ!" ಎಂದು ಕೂಗಿದಳು. ಪುಟ್ಟಮ್ಮನ ದನಿ ಮನೆಯೊಳಗಿಂದ, ಬಾಗಿಲ ಹತ್ತಿರದಿಂದಲೇ ಕೇಳಿತು. ಆದರೆ ಅವರು ಬಾಗಿಲಿಂದ ಹೊರಗೆ ಬರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಹಿತ್ತಲ ಕಡೆಯಿಂದ, ಮಳೆಯ ಕೆಸರಿನಲ್ಲಿ ಕೋಲೂರಿಕೊಂಡು, ಮನೆಯನ್ನು ಪೂರಾ ಒಂದು ಸುತ್ತು ಬಳಸಿ ಬಂದರು. ಸೀರೆಯ ಅಂಚೆಲ್ಲ ಕೆಸರು.

"ಈ ಕೆಸರಲ್ಲಿ ಯಾಕಮ್ಮ ಸುತ್ತಿ ಬಂದ್ರಿ? ಇಲ್ಲೇ ಬಾಗಿಲು ಇತ್ತಲ್ಲ" ಎಂದೆ.

"ಇದು ಅವ್ಳ ಬಾಗ್ಲು ಕಣವ್ವ ಈ ತಿಂಗ್ಳು. ನಂದು ಇತ್ಲು ಬಾಗ್ಲು. ಎದ್ರಾಬದ್ರ ಆಗೋದೇ ಬ್ಯಾಡ ಅಂತ ಅಂಗ್ಮಾಡ್ಕಂಡಿವಿ. ಮಂಜಂಗೆ ಕೊಟ್ಟಿಗೇಲಿ ಆಸಿಗೆ ಆಕೊಟ್ಟಿವ್ನಿ." ಉಸಿರು ಸುಧಾರಿಸಿಕೊಂಡು ನನ್ನ ಮುಖ ನೋಡಿದರು. "ಸರ್ಕಾರ್ದೋರು ಯಾವತ್ತು ಬತ್ತಾರೋ ಯಾರಿಗ್ಗೊತ್ತು. ಬಂದೋರಿಗೆ ಮುಂಬಾಗ್ಲಲ್ಲಿ ಮೊದ್ಲು ಅವ್ಳೇ ಕಾಣ್ಬೇಕು."

ಪರವಾನಗಿಯನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಒದ್ದೆಯಾದೀತೆಂದು ಮತ್ತೆ ಅವಳ ಕೈಗೇ ಕೊಟ್ಟರು. "ಕಾಫಿ ಮಾಡ್ತೀನಿ, ಕೂತ್ಕೊ" ಎಂದು ನನಗೆ ಹೇಳಿ, ಬಂದ ದಾರಿಯಲ್ಲೇ ಕೋಲೂರಿಕೊಂಡು ಮನೆಯನ್ನು ಸುತ್ತಿ ಹಿತ್ತಲ ಬಾಗಿಲಿಗೆ ಹೊರಟರು.